ಅಡುಗೆ ಅದೇ ಇರಲಿ, ಅಳತೆ ಬದಲಾಗಲಿ

ತೂಕ ಇಳಿಸಬೇಕೆಂದು ನಿಶ್ಚಯಿಸಿದವರು ಮೊದಲು ಮಾಡುವ ಕೆಲಸ ಅನ್ನ ಬಿಡುವುದು. ಆಮೇಲೆ ಓಟ್ಸ್ ಪೊಟ್ಟಣ ಬರುತ್ತದೆ, ಗ್ರೀನ್ ಟೀ ಬರುತ್ತದೆ, ರಾತ್ರಿ ಊಟ ನಿಲ್ಲುತ್ತದೆ. ಮನೆಮಂದಿಗೆ ಒಂದು ಅಡುಗೆ, ತಮಗೊಂದು ಅಡುಗೆ ಮಾಡಿ ಮಾಡಿ ಕೆಲವೇ ವಾರಗಳಲ್ಲಿ ಸಾಕಾಗಿ, ಹಳೆಯ ಊಟಕ್ಕೇ ಮರಳುತ್ತಾರೆ. ಇಳಿದ ತೂಕ ಅಷ್ಟೂ ಹಿಂದಕ್ಕೆ ಬರುತ್ತದೆ. ಇದರಲ್ಲಿ ತಪ್ಪು ಅವರ ಮನೋಬಲದ್ದಲ್ಲ, ಆರಿಸಿಕೊಂಡ ದಾರಿಯದು. ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಒಬ್ಬರಿಗಾಗಿ ಪಾತ್ರೆ ಏರುವುದಿಲ್ಲ. ಹಾಗಾಗಿ ಎಣ್ಣೆ, ಸಕ್ಕರೆಯ ಅಳತೆ ಪಾತ್ರೆಯಲ್ಲೇ ಬದಲಾಗಬೇಕು, ಅದು ಎಲ್ಲರಿಗೂ ಒಳ್ಳೆಯದು. ಅನ್ನ, ಮುದ್ದೆ, ಚಪಾತಿಯ ಅಳತೆ ಮಾತ್ರ ತಟ್ಟೆಯಲ್ಲಿ ಬದಲಾಗಬೇಕು, ಅದು ಒಬ್ಬೊಬ್ಬರಿಗೆ ಒಂದೊಂದು. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಹತ್ತು ವಯಸ್ಕರಲ್ಲಿ ಮೂವರಷ್ಟು ಮಂದಿ ಅಧಿಕ ತೂಕದವರು. ಗಂಡಸರು, ಹೆಂಗಸರು ಇಬ್ಬರಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ. ಇದು ಒಂದು ಮನೆಯ, ಒಂದು ಊರಿನ ವಿಷಯವಲ್ಲ.

ಮೊದಲು ಟೇಪು, ಆಮೇಲೆ ತಕ್ಕಡಿ

ನಿಮಗೆ ತೂಕ ಇಳಿಸುವ ಅಗತ್ಯವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಎತ್ತರವನ್ನು ಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ನಿಮ್ಮ ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಬಿಎಂಐ. ಭಾರತೀಯರಿಗೆ 18.5ರಿಂದ 22.9ರವರೆಗೆ ಸರಿಯಾದ ತೂಕ, 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ 59 ಕಿಲೋ ಸುತ್ತಮುತ್ತ ಮೊದಲ ಗೆರೆ, 64 ಕಿಲೋ ಎರಡನೆಯದು.

ಬಿಎಂಐಗಿಂತ ಹೆಚ್ಚು ನಿಜ ಹೇಳುವುದು ದರ್ಜಿಯ ಟೇಪು. ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರವಹಿಸಬೇಕು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ತಕ್ಕಡಿ ಅವರಿಗೆ ಸುಳ್ಳು ಸಮಾಧಾನ ಕೊಡುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಅಪಾಯ ಹೆಚ್ಚಿಸುವುದು ಈ ಹೊಟ್ಟೆಯೊಳಗಿನ ಕೊಬ್ಬೇ.

ಗುರಿ ದೊಡ್ಡದು ಬೇಡ. ಈಗಿನ ತೂಕದ ಶೇ 5ರಷ್ಟು ಇಳಿದರೂ ರಕ್ತದ ಸಕ್ಕರೆ ಮತ್ತು ಒತ್ತಡದಲ್ಲಿ ವ್ಯತ್ಯಾಸ ಕಾಣುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆ ಕಿಲೋ.

ಎಷ್ಟು ಕಡಿಮೆ ತಿನ್ನಬೇಕು?

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ತಗ್ಗಿಸಿದರೆ ವಾರಕ್ಕೆ ಅರ್ಧ ಕಿಲೋ ಇಳಿಯಬೇಕೆಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನೇ ಸುರಕ್ಷಿತ ಎನ್ನುತ್ತದೆ. ದಿನದ ಆಹಾರ 1,000 ಕ್ಯಾಲೊರಿಗಿಂತ ಕೆಳಗೆ ಇಳಿಯಲೇಬಾರದು ಎಂದೂ ಹೇಳುತ್ತದೆ.

ಈ 500ರ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕಿಲೋ ತೂಕದ ಹೆಂಗಸಿಗೆ 1,660 ಕ್ಯಾಲೊರಿ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜು. ಗಂಡ 500 ಬಿಟ್ಟರೂ ಅವರಿಗೆ 1,600 ಉಳಿಯುತ್ತದೆ. ಹೆಂಡತಿಯೂ ಅಷ್ಟೇ ಬಿಟ್ಟರೆ ಸುಸ್ತು, ಕೂದಲು ಉದುರುವುದು, ರಕ್ತಹೀನತೆ ಬೆನ್ನು ಹತ್ತುತ್ತವೆ. ಹೆಂಗಸರು 250ರಿಂದ 300 ತಗ್ಗಿಸಿದರೆ ಸಾಕು. ತೂಕ ನಿಧಾನವಾಗಿ ಇಳಿಯುತ್ತದೆ, ಆದರೆ ಇಳಿದದ್ದು ಉಳಿಯುತ್ತದೆ. ಗಂಡನ ತೂಕ ಬೇಗ ಇಳಿಯಿತೆಂದು ಬೇಸರಿಸಿಕೊಂಡು ನಡುವೆ ಕೈಬಿಡುವ ಹೆಂಗಸರಿಗೆ ಈ ಮಾತು ತಲುಪಲಿ.

ಒಂದು ವಾರ ಏನನ್ನೂ ಬಿಡಬೇಡಿ, ಬರೆಯಿರಿ

ಮೊದಲ ವಾರ ಊಟ ಬದಲಿಸಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಹಳೆಯ ನೋಟ್‌ಬುಕ್ಕಿನಲ್ಲಿ ಆಗಿಂದಾಗ ಬರೆದಿಡಿ. ರಾತ್ರಿ ನೆನಪಿಸಿಕೊಂಡು ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದು ಊಟವಲ್ಲ, ಒಗ್ಗರಣೆಗೆ ಮುನ್ನ ಬಾಯಿಗೆ ಹಾಕಿಕೊಂಡ ಕಡಲೆಬೀಜ, ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಪಾತ್ರೆ ತೊಳೆಯುವ ಮುನ್ನ ವ್ಯರ್ಥವಾಗಬಾರದೆಂದು ತಿಂದ ಒಂದು ಸೌಟು ಅನ್ನ. ಉಳಿದದ್ದನ್ನು ಮುಗಿಸುವ ಹೊಣೆ ನಮ್ಮ ಮನೆಗಳಲ್ಲಿ ಅಮ್ಮಂದಿರ ಮೇಲೆಯೇ ಬೀಳುತ್ತದೆ. ಅದು ಅವರ ಮೈಗೆ ಸೇರುವುದಕ್ಕಿಂತ ಡಬ್ಬಿಯಲ್ಲಿ ಫ್ರಿಜ್ ಸೇರಲಿ, ಇಲ್ಲವೇ ಮರುದಿನ ಅಕ್ಕಿ ಸ್ವಲ್ಪ ಕಡಿಮೆ ಹಾಕಿ.

ಸಾಧ್ಯವಾದರೆ ಅಡುಗೆಮನೆಗೊಂದು ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ನಿಮ್ಮ ಮನೆಯ ಪಾವಿನಲ್ಲಿ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆ, ನೀವು ಕಟ್ಟುವ ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆ, ನಿಮ್ಮ ಚಮಚದಲ್ಲಿ ಎಷ್ಟು ಸಕ್ಕರೆ ಏಳುತ್ತದೆ ಎಂಬುದನ್ನು ಒಮ್ಮೆ ತೂಗಿ ನೋಡಿದರೆ ಸಾಕು. ಮುಂದೆ ಕಣ್ಣಳತೆಯೇ ನಡೆಯುತ್ತದೆ.

ಎಣ್ಣೆ ಡಬ್ಬಿಯಿಂದ ಶುರುಮಾಡಿ

ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಎಣ್ಣೆ, ತುಪ್ಪ 9 ಕೊಡುತ್ತವೆ. ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ಗಾಣದ ಕೊಬ್ಬರಿ ಎಣ್ಣೆಯಾಗಲಿ, ಆಲಿವ್ ಆಗಲಿ, ಕ್ಯಾಲೊರಿಯಲ್ಲಿ ಎಲ್ಲವೂ ಒಂದೇ. ಊಟದ ಚಮಚದಲ್ಲಿ ಒಂದು ಸಲ ಸುರಿದರೆ ಸುಮಾರು 120 ಕ್ಯಾಲೊರಿ. ಅಷ್ಟನ್ನು ಖರ್ಚು ಮಾಡಲು ಅರ್ಧ ಗಂಟೆಯ ಹತ್ತಿರ ಬಿರುಸಾಗಿ ನಡೆಯಬೇಕು.

ಲೆಕ್ಕಕ್ಕೆ ಸುಲಭದ ದಾರಿಯಿದೆ. ತಿಂಗಳ ಮೊದಲ ದಿನ ಎಣ್ಣೆ ಡಬ್ಬಿಯ ಮೇಲೆ ದಿನಾಂಕ ಬರೆಯಿರಿ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ 27 ಗ್ರಾಂ ಎಣ್ಣೆ ಸಾಕೆಂದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಅಂದರೆ ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ತುಪ್ಪ, ಬೆಣ್ಣೆಯೂ ಸೇರಿ ಮೂರೂವರೆ ಲೀಟರ್. ನಿಮ್ಮಲ್ಲಿ ಐದು ಲೀಟರ್ ಖಾಲಿಯಾಗುತ್ತಿದ್ದರೆ, ಪ್ರತಿಯೊಬ್ಬರೂ ದಿನಕ್ಕೆ ನೂರು ಕ್ಯಾಲೊರಿಯನ್ನು ಗೊತ್ತೇ ಆಗದಂತೆ ಹೆಚ್ಚು ತಿನ್ನುತ್ತಿದ್ದೀರಿ ಎಂದರ್ಥ. ತೂಕ ಇಳಿಸಬೇಕಾದವರಿಗೆ ದಿನಕ್ಕೆ ನಾಲ್ಕು ಟೀ ಚಮಚ, ಅಂದರೆ 20 ಗ್ರಾಂನೊಳಗೆ ಇದ್ದರೆ ಇನ್ನೂ ಒಳ್ಳೆಯದು.

ರುಚಿ ಕೆಡದೆ ಕಡಿಮೆ ಮಾಡುವ ಉಪಾಯಗಳು ನಮ್ಮ ಅಡುಗೆಯಲ್ಲೇ ಇವೆ. ಒಗ್ಗರಣೆಯನ್ನು ಅಗಲ ಬಾಣಲೆಯಲ್ಲಿ ಹಾಕಿದರೆ ತಳ ಮುಚ್ಚಲೆಂದೇ ಎಣ್ಣೆ ಹೆಚ್ಚು ಸುರಿಯುತ್ತೇವೆ. ಒಗ್ಗರಣೆ ಸೌಟಿನಲ್ಲಿ ಹಾಕಿದರೆ ಒಂದು ಟೀ ಚಮಚ ಎಣ್ಣೆಯಲ್ಲೇ ಸಾಸಿವೆ ಸಿಡಿಯುತ್ತದೆ, ಕರಿಬೇವಿನ ಘಮ ಬರುತ್ತದೆ. ಬೀನ್ಸ್, ಎಲೆಕೋಸು, ಹೀರೇಕಾಯಿ ಪಲ್ಯವನ್ನು ಮೊದಲು ಉಪ್ಪು ಹಾಕಿ, ನೀರು ಚಿಮುಕಿಸಿ, ಮುಚ್ಚಳದ ಕೆಳಗೆ ಬೇಯಿಸಿ, ಕೊನೆಗೆ ಒಗ್ಗರಣೆ ಕೊಡಿ. ದೋಸೆ ಹೆಂಚಿಗೆ ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರುವುದು ಅಜ್ಜಿಯರ ಕ್ರಮ, ಅದನ್ನು ಮತ್ತೆ ಹಿಡಿಯಿರಿ.

ಹಳೇ ಮೈಸೂರು ಕಡೆಯ ಉಪ್ಸಾರನ್ನೇ ನೋಡಿ. ಸೊಪ್ಪು, ಕಾಳು ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರವನ್ನು ಪಕ್ಕಕ್ಕಿಟ್ಟುಕೊಂಡು ಉಣ್ಣುವ ಊಟ. ಸಾರಿಗೆ ಎಣ್ಣೆಯೇ ಬೇಡ, ಬಸಿದ ಕಾಳು–ಸೊಪ್ಪಿಗೆ ಒಂದು ಚಮಚದ ಒಗ್ಗರಣೆ. ನಾರು, ಪ್ರೋಟೀನು, ಕಬ್ಬಿಣ ಎಲ್ಲ ಒಂದೇ ಪಾತ್ರೆಯಲ್ಲಿ. ನುಚ್ಚಿನುಂಡೆಯೂ ಹಾಗೆಯೇ, ಪೂರ್ತಿ ಬೇಳೆ, ಪೂರ್ತಿ ಹಬೆ. ತೂಕ ಇಳಿಸಲು ಯಾವ ಹೊಸ ಆಹಾರ ಬೇಕೆಂದು ಯಾರಾದರೂ ಕೇಳಿದರೆ ನಾನು ಈ ಎರಡನ್ನೇ ಹೇಳುತ್ತೇನೆ.

ಸಕ್ಕರೆ, ಬೆಲ್ಲ, ಬೈಟು

ಒಂದು ಟೀ ಚಮಚ ಸಕ್ಕರೆಗೆ 20 ಕ್ಯಾಲೊರಿ. ಕಾಫಿಗೆ ಎರಡು ಚಮಚ, ದಿನಕ್ಕೆ ನಾಲ್ಕು ಕಾಫಿ ಎಂದರೆ 160. ಬೆಲ್ಲಕ್ಕೆ ಬದಲಾಯಿಸಿದರೆ ಏನೂ ಉಳಿಯುವುದಿಲ್ಲ, ಬೆಲ್ಲದ ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. ಒಮ್ಮೆಲೇ ಬಿಟ್ಟರೆ ಕಾಫಿ ಕಹಿಯೆನಿಸಿ ಮೂರನೇ ದಿನಕ್ಕೆ ಚಮಚ ವಾಪಸು ಬರುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಹೋಟೆಲಿಗೆ ಹೋದರೆ ಬೈಟು ಹೇಳಿ. ಹಣ್ಣನ್ನು ರಸ ಮಾಡಿ ಕುಡಿಯಬೇಡಿ, ಕಚ್ಚಿ ತಿನ್ನಿ.

ಅನ್ನದ ಲೆಕ್ಕ

ರಾಗಿ ತಿಂದರೆ ತೂಕ ಇಳಿಯುತ್ತದೆ, ಅನ್ನ ತಿಂದರೆ ಏರುತ್ತದೆ ಎಂಬ ನಂಬಿಕೆ ಬಲವಾಗಿದೆ. ನೂರು ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320. ದೊಡ್ಡ ಅಂತರವೇನಿಲ್ಲ. ಆದರೆ ರಾಗಿಯಲ್ಲಿ ನಾರು ಅಕ್ಕಿಯ ಮೂರು ಪಟ್ಟಿಗೂ ಹೆಚ್ಚು, ಸುಣ್ಣದ ಅಂಶ ಹೇರಳ. ಹಸಿವು ಬೇಗ ಮರಳುವುದಿಲ್ಲ. ಲಾಭ ಅಲ್ಲಿದೆ. ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ಆ ಲಾಭ ಕೈಗೆ ಸಿಗುವುದಿಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ, ಕರಾವಳಿಯ ಕುಚಲಕ್ಕಿಗೂ ಇದೇ ಮಾತು.

ಅನ್ನ ಅಳತೆ ಮೀರುವುದು ನಾವು ಬಡಿಸಿಕೊಳ್ಳುವ ಕ್ರಮದಿಂದ. ಹುಳಿಗೊಮ್ಮೆ, ಸಾರಿಗೊಮ್ಮೆ, ಮೊಸರಿಗೊಮ್ಮೆ ಎಂದು ಮೂರು ಸಲ ಬಡಿಸಿಕೊಳ್ಳುವಾಗ ಒಟ್ಟು ಎಷ್ಟಾಯಿತೆಂದು ಗೊತ್ತಾಗುವುದಿಲ್ಲ. ಊಟಕ್ಕೆ ಕೂರುವ ಮೊದಲೇ ನಿಮ್ಮ ಪಾಲಿನ ಅನ್ನವನ್ನು ಒಂದು ಬಟ್ಟಲಿಗೆ ಹಾಕಿಕೊಳ್ಳಿ. 200 ಗ್ರಾಂ ಬೆಂದ ಅನ್ನಕ್ಕೆ ಸುಮಾರು 260 ಕ್ಯಾಲೊರಿ. ಅದನ್ನೇ ಮೂರು ಪಾಲು ಮಾಡಿ ಉಣ್ಣಿ. ಮೊಸರನ್ನದ ಸಂತೋಷವೂ ತಪ್ಪುವುದಿಲ್ಲ.

ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು ಇರಲಿ. ಉಳಿದರ್ಧದಲ್ಲಿ ಒಂದು ಪಾಲು ಅನ್ನ ಅಥವಾ ಮುದ್ದೆ, ಇನ್ನೊಂದು ಪಾಲು ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಮೊದಲು ಕೋಸಂಬರಿ, ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈಹಾಕಿ. ಪ್ರೋಟೀನನ್ನು ಮಾತ್ರ ಕಡಿಮೆ ಮಾಡಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯುವುದು ಪ್ರೋಟೀನು ಮತ್ತು ದೈಹಿಕ ಶ್ರಮ. 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂನಷ್ಟಾದರೂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳಿನಲ್ಲಿ 6ರಿಂದ 7 ಗ್ರಾಂ ಸಿಗುತ್ತದೆ. ತಿಳಿಸಾರಿನ ತಳದಲ್ಲಿರುವ ನಾಲ್ಕು ಬೇಳೆಯಿಂದ ಈ ಲೆಕ್ಕ ತುಂಬುವುದಿಲ್ಲ.

ಒಂದು ದಿನ ಹೀಗಿರಬಹುದು

ಬೆಳಿಗ್ಗೆ ಮೂರು ಇಡ್ಲಿ, ತರಕಾರಿ ಹೆಚ್ಚಿರುವ ಒಂದು ಬಟ್ಟಲು ಸಾಂಬಾರು, ಸ್ವಲ್ಪ ಚಟ್ನಿ: ಸುಮಾರು 310 ಕ್ಯಾಲೊರಿ. ಮಧ್ಯಾಹ್ನ 75 ಗ್ರಾಂ ಹಿಟ್ಟಿನ ಮುದ್ದೆ, ಸೊಪ್ಪು–ಕಾಳಿನ ಸಾರು, ಪಲ್ಯ, ಒಂದು ಲೋಟ ನೀರು ಮಜ್ಜಿಗೆ: 500. ಸಂಜೆ ಒಂದು ಹಿಡಿ ಕಾಳಿನ ಉಸಲಿ: 100. ರಾತ್ರಿ ಎಣ್ಣೆ ಹಾಕದ ಎರಡು ಚಪಾತಿ, ಬೇಳೆ–ತರಕಾರಿ, ಹೆಸರುಬೇಳೆ ಕೋಸಂಬರಿ: 470. ಎರಡು ಚಿಕ್ಕ ಲೋಟ ಸಕ್ಕರೆಯಿಲ್ಲದ ಕಾಫಿ: 80. ಒಟ್ಟು 1,500ರ ಆಸುಪಾಸು. ಇದರಲ್ಲಿ ಉಪವಾಸವೆನಿಸುವ ಊಟ ಒಂದೂ ಇಲ್ಲ.

ಈ ಪಟ್ಟಿ ಮುರಿಯುವುದು ಸಂಜೆ ನಾಲ್ಕರಿಂದ ಆರರ ನಡುವೆ. ಮಿಕ್ಸ್ಚರ್, ಚಕ್ಕುಲಿ, ಕೋಡುಬಳೆ ನೂರು ಗ್ರಾಂಗೆ ಸುಮಾರು 500 ಕ್ಯಾಲೊರಿ. ಡಯಾಬಿಟಿಕ್ ಎಂದು ಬರೆದ ಬಿಸ್ಕತ್ತಿನ ಪೊಟ್ಟಣದ ಹಿಂಭಾಗ ಓದಿ, ಅಲ್ಲೂ ನೂರು ಗ್ರಾಂಗೆ 400ಕ್ಕಿಂತ ಮೇಲೆಯೇ ಇರುತ್ತದೆ. ಕುರುಕಲು ಡಬ್ಬಿ ಮನೆಯಲ್ಲೇ ಇದ್ದರೆ ಕೈ ಹೋಗಿಯೇ ಹೋಗುತ್ತದೆ, ಆದ್ದರಿಂದ ತರುವುದನ್ನೇ ಕಡಿಮೆ ಮಾಡಿ. ಆ ಹೊತ್ತಿಗೆ ಬೇಯಿಸಿದ ಕಡಲೆಕಾಯಿ, ಸೌತೆಕಾಯಿ, ಸೀಬೆಹಣ್ಣು ಕೈಗೆ ಸಿಗುವಂತಿರಲಿ.

ಮದುವೆ, ಹಬ್ಬಕ್ಕೆ ಊಟ ಬಿಡಬೇಕಿಲ್ಲ. ಒಂದು ಹೋಳಿಗೆಯನ್ನು ತುಪ್ಪದ ಜೊತೆ ನಿಧಾನವಾಗಿ ಸವಿಯಿರಿ, ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಇಡಿ. ಮರುದಿನ ಮತ್ತೆ ನಿಮ್ಮ ಅಳತೆಗೆ ಬನ್ನಿ. ತಿಂದದ್ದಕ್ಕೆ ಶಿಕ್ಷೆಯೆಂದು ಉಪವಾಸ ಬೇಡ.

ತೂಕ ನಿಂತಾಗ

ತೂಕವನ್ನು ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ ನೋಡಿ. ದಿನದಿನವೂ ಉಪ್ಪು, ನೀರಿನಿಂದಲೇ ಒಂದು ಕಿಲೋ ಹಿಂದೆಮುಂದೆ ಆಗುತ್ತದೆ. ಮೊದಲ ವಾರ ಬೇಗ ಇಳಿಯುವುದು ಬಹುಪಾಲು ನೀರು. ಎರಡು ಮೂರು ತಿಂಗಳ ನಂತರ ಇಳಿಕೆ ನಿಧಾನವಾಗುತ್ತದೆ, ಹಗುರಾದ ದೇಹಕ್ಕೆ ಮೊದಲಿನಷ್ಟು ಕ್ಯಾಲೊರಿ ಬೇಡವಾಗುವುದೇ ಕಾರಣ. ಆಗ ಊಟವನ್ನು ಇನ್ನಷ್ಟು ಕತ್ತರಿಸಬೇಡಿ. ಮತ್ತೊಂದು ವಾರ ನೋಟ್‌ಬುಕ್ ತೆರೆದು ಬರೆಯಿರಿ, ಎಣ್ಣೆ ಡಬ್ಬಿಯ ದಿನಾಂಕ ನೋಡಿ. ದಿನಕ್ಕೆ ಅರ್ಧ ಗಂಟೆ ನಡೆಯುತ್ತಿದ್ದರೆ ಮುಕ್ಕಾಲು ಗಂಟೆ ಮಾಡಿ, ವಾರಕ್ಕೆ ಎರಡು ಮೂರು ದಿನ ಬಸ್ಕಿ ಅಥವಾ ಭಾರ ಎತ್ತುವ ವ್ಯಾಯಾಮ ಸೇರಿಸಿ.

ಯಾರು ತಾವಾಗಿಯೇ ಶುರುಮಾಡಬಾರದು?

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು, ಔಷಧದ ಪ್ರಮಾಣ ಬದಲಾಗಬೇಕಾದೀತು. ಮೂತ್ರಪಿಂಡದ ತೊಂದರೆ ಇರುವವರಿಗೆ ಮೇಲೆ ಹೇಳಿದ ಪ್ರೋಟೀನಿನ ಲೆಕ್ಕ ಹೊಂದುವುದಿಲ್ಲ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಕ್ಯಾಲೊರಿ ಕಡಿತಕ್ಕೆ ಕೈಹಾಕಲೇಬಾರದು. ಬೆಳೆಯುವ ಮಕ್ಕಳಿಗೂ ಇದು ಬೇಡ, ಅವರಿಗೆ ಕುರುಕಲು ಕಡಿಮೆ ಮಾಡಿ, ಆಟ ಹೆಚ್ಚಿಸಿ, ಊಟ ಹೊಟ್ಟೆ ತುಂಬ ಕೊಡಿ. ಊಟ ಹೆಚ್ಚದೆಯೂ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ ಸಂತೋಷಪಟ್ಟು ಸುಮ್ಮನಿರಬೇಡಿ, ಆ ವಾರವೇ ವೈದ್ಯರನ್ನು ಕಾಣಿ.