ಪಿಸಿ ಆನ್ ಆಗ್ತಿಲ್ಲ ಅಂದ್ರೆ ಎಸ್‌ಎಂಪಿಎಸ್ಸೇ ಹೋಗಿರ್ಬೇಕಾ?

ಮಿನಿ ಪ್ರಾಜೆಕ್ಟ್ ರಿವ್ಯೂಗೆ ನಾಲ್ಕು ದಿನ ಇರುವಾಗ ನನ್ನ ಡೆಸ್ಕ್‌ಟಾಪ್ ಕೈಕೊಟ್ಟಿತು. ಪೂರ್ತಿ ಕೆಟ್ಟಿದ್ದರೆ ಸುಲಭ ಇತ್ತು. ಇದು ಒಂದು ಸಲ ಆನ್ ಆಗುತ್ತೆ, ಇನ್ನೊಂದು ಸಲ ಇಲ್ಲ. ಕೆಲವೊಮ್ಮೆ ಫ್ಯಾನ್ ತಿರುಗಿ ತಕ್ಷಣ ಆಫ್. ಅಂಗಡಿಗೆ ಹೊತ್ತುಕೊಂಡು ಹೋದ್ರೆ ಅಲ್ಲಿ ಮೊದಲನೇ ಸಲಕ್ಕೇ ಆನ್ ಆಯ್ತು! "ಎಸ್‌ಎಂಪಿಎಸ್ ಹೋಗಿರ್ಬೇಕು, ಹೊಸದು ಹಾಕ್ಸಿ" ಅಂದ್ರು. ತಿಂಗಳ ಕೊನೆ, ಜೇಬು ಖಾಲಿ. ವಾಪಸ್ ತಂದು ನಾನೇ ಹುಡುಕೋಕೆ ಕೂತೆ.

ಹೀಗೆ ಬಂದು ಹೋಗುವ ತೊಂದರೆಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರ್‍ಯಾಮ್, ಕೇಬಲ್ ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಒಂದು ಸಲ ಆನ್ ಆಯ್ತು ಅಂತ ನಂಬಲೂಬೇಡಿ. ಹತ್ತು ಸಲವಾದರೂ ಆನ್-ಆಫ್ ಮಾಡಿ ನೋಡಿ.

1. ಮೊದಲು ಬರೆದಿಡಿ. ಯಾವಾಗ, ಎಷ್ಟು ಹೊತ್ತಿಗೆ, ಹೇಗೆ ಆಫ್ ಆಯ್ತು? ಗೇಮ್ ಅಥವಾ ಸಿಮ್ಯುಲೇಶನ್ ಓಡುವಾಗ ಮಾತ್ರ ಆಫ್ ಆದರೆ ಬಿಸಿಯ ಮೇಲೆ ಅನುಮಾನ ಪಡಿ: ಹೀಟ್‌ಸಿಂಕ್ ಧೂಳು, ಒಣಗಿದ ಥರ್ಮಲ್ ಪೇಸ್ಟ್. ಲೋಡ್ ತಾಳದ ಎಸ್‌ಎಂಪಿಎಸ್ ಕೂಡ ಹೀಗೇ ಮಾಡುತ್ತೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಅದು ಹೇಳುತ್ತೆ, ಅಷ್ಟೇ. ಕಾರಣ ನಾವೇ ಹುಡುಕಬೇಕು.

2. ಹೊರಗಿನಿಂದ ಶುರು ಮಾಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಆಮೇಲೆ ಪವರ್ ಕೇಬಲ್ ಬದಲಿಸಿ ನೋಡಿ. ಖರ್ಚಿಲ್ಲದ ಕೆಲಸ ಮೊದಲು.

3. ಒಳಗೆ ನೋಡಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಕ್ಯಾಬಿನೆಟ್ ತೆಗೆಯಿರಿ. 24 ಪಿನ್ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಗಟ್ಟಿಯಾಗಿ ಕೂತಿವೆಯಾ? ರ್‍ಯಾಮ್ ತೆಗೆದು ಮತ್ತೆ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ.

4. ಎಸ್‌ಎಂಪಿಎಸ್ ಅಳೆಯಿರಿ. ಪಿಸಿ ಆಫ್ ಇದ್ದು ಪ್ಲಗ್ ಆನ್ ಇದ್ದರೂ 24 ಪಿನ್‌ನ ನೇರಳೆ ವೈರ್‌ನಲ್ಲಿ ಸುಮಾರು 5 ವೋಲ್ಟ್ ಇರಬೇಕು. ಇದು ಸ್ಟ್ಯಾಂಡ್‌ಬೈ ಸಪ್ಲೈ. ಪಿಸಿ ಓಡುವಾಗ ಹಳದಿ ವೈರ್‌ನಲ್ಲಿ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್ ಚಾರ್ಜ್ ಹಿಡಿದಿರುತ್ತೆ, ಜೀವಕ್ಕೆ ಅಪಾಯ.

ನನ್ನ ಪಿಸಿಯಲ್ಲಿ ಇದೆಲ್ಲಾ ಸರಿಯಾಗೇ ಇತ್ತು. ಎರಡನೇ ದಿನ ರಾತ್ರಿ ನೋಟ್ಸ್ ಮತ್ತೆ ಓದಿದೆ. "4 ಸೆಕೆಂಡಿಗೆ ಆಫ್" ಅಂತ ಐದು ಕಡೆ ಬರೆದಿದ್ದೆ. ಪ್ರತಿ ಸಲವೂ ನಾಲ್ಕೇ ಯಾಕೆ? ಕೆಟ್ಟ ಎಸ್‌ಎಂಪಿಎಸ್ ಇಷ್ಟು ಲೆಕ್ಕವಾಗಿ ಆಫ್ ಆಗಲ್ಲ. ಆಗ ಹೊಳೀತು: ಪಿಸಿ ಹ್ಯಾಂಗ್ ಆದಾಗ ನಾವು ಪವರ್ ಬಟನ್ ಒತ್ತಿ ಹಿಡಿಯೋದೂ ನಾಲ್ಕು ಸೆಕೆಂಡೇ ಅಲ್ವಾ!

ಬಟನ್ ಒಳಗೇ ಸಿಕ್ಕಿಹಾಕಿಕೊಳ್ತಿತ್ತು. ಒತ್ತಿದಾಗ ಪಿಸಿ ಆನ್ ಆಗುತ್ತೆ, ಬಟನ್ ಹಿಂದೆ ಬರಲ್ಲ, ನಾಲ್ಕು ಸೆಕೆಂಡಿಗೆ ಮದರ್‌ಬೋರ್ಡ್ ಆಫ್ ಮಾಡುತ್ತೆ. ಬಟನ್ ಇನ್ನೂ ಒಳಗೇ ಇರೋದ್ರಿಂದ ಮತ್ತೆ ಒತ್ತಿದ್ರೂ ಏನೂ ಆಗಲ್ಲ. ಎರಡೂ ತೊಂದರೆಗೆ ಕಾರಣ ಒಂದೇ. ಅಂಗಡಿಯಲ್ಲಿ ಆ ಒಂದು ಸಲ ಬಟನ್ ಸರಿಯಾಗಿ ಹಿಂದೆ ಬಂದಿರಬೇಕು.

ಖಚಿತ ಮಾಡ್ಕೊಳ್ಳೋಕೆ ಮದರ್‌ಬೋರ್ಡ್ ಮ್ಯಾನ್ಯುಯಲ್ ನೋಡಿ ಪವರ್ ಸ್ವಿಚ್ ವೈರ್ ಕಿತ್ತೆ. ಆ ಎರಡು ಪಿನ್‌ಗಳನ್ನು ಮಾತ್ರ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಆನ್! ಹತ್ತಕ್ಕೆ ಹತ್ತು ಸಲವೂ ಆನ್. ರೀಸೆಟ್ ಬಟನ್‌ನ ವೈರನ್ನೇ ಆ ಪಿನ್‌ಗಳಿಗೆ ಚುಚ್ಚಿದೆ. ಈಗಲೂ ರೀಸೆಟ್ ಒತ್ತಿಯೇ ಪಿಸಿ ಆನ್ ಮಾಡೋದು. ಖರ್ಚು ಸೊನ್ನೆ, ರಿವ್ಯೂನೂ ಮುಗೀತು.

ನಿಮ್ಮ ಪಿಸಿಯಲ್ಲಿ ಕಾರಣ ಬೇರೆಯೇ ಇರಬಹುದು. ಆದರೆ ಹೊಸ ಪಾರ್ಟ್‌ಗೆ ದುಡ್ಡು ಕೊಡೋ ಮುಂಚೆ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ.