ಚಿಕ್ಕ ಗೇಮಿಂಗ್ ಪಿಸಿ: ಮೊದಲು ಅಳತೆ, ಆಮೇಲೆ ಬೆಲೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಓಡಾಡಿದರೆ ಒಂದು ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳೆಲ್ಲ ಸಿಕ್ಕಿಬಿಡುತ್ತವೆ. ಆದರೆ ಸಿಕ್ಕಿದ್ದೆಲ್ಲ ಒಂದಕ್ಕೊಂದು ಹೊಂದಬೇಕಲ್ಲ? ದೊಡ್ಡ ಕ್ಯಾಬಿನೆಟ್ಟಿನಲ್ಲಿ ಹೇಗೆ ಜೋಡಿಸಿದರೂ ಜಾಗ ಉಳಿಯುತ್ತದೆ. ಚಿಕ್ಕದರಲ್ಲಿ ಕೂಲರ್ ಐದು ಮಿಲಿಮೀಟರ್ ಎತ್ತರ ಹೆಚ್ಚಾದರೂ ಪಕ್ಕದ ಬಾಗಿಲು ಕೂರುವುದಿಲ್ಲ. ಹಾಸ್ಟೆಲ್, ಪಿ.ಜಿ., ಬಾಡಿಗೆ ಮನೆಯ ಪುಟ್ಟ ಕೋಣೆಗಳಲ್ಲಿ ಇರುವವರಿಗೆ ಚಿಕ್ಕ ಪಿಸಿಯೇ ಅನುಕೂಲ; ಕಡಿಮೆ ದುಡ್ಡಿನಲ್ಲೂ ಅದನ್ನು ಚೆನ್ನಾಗಿ ಕಟ್ಟಬಹುದು. ಅದಕ್ಕೆ ಕ್ರಮ ಗೊತ್ತಿರಬೇಕು, ಅಷ್ಟೆ. ಬಿಡಿಭಾಗಗಳ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲವಾದ್ದರಿಂದ ಇಲ್ಲಿ ರೂಪಾಯಿ ಲೆಕ್ಕ ಕೊಟ್ಟಿಲ್ಲ. ಯಾವುದಕ್ಕೆ ಎಷ್ಟು ಪಾಲು ಇಡಬೇಕು ಎಂಬುದನ್ನು ಹೇಳಿದ್ದೇನೆ.

ಹಂತ 1: ಯಾವ ಆಟ, ಯಾವ ಪರದೆ?

ನೀವು ನಿಜವಾಗಿ ಆಡುವ ಮೂರು ಆಟಗಳ ಹೆಸರು ಬರೆದುಕೊಳ್ಳಿ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಇಂಥವಕ್ಕೆ ಪ್ರೊಸೆಸರ್ ಚುರುಕಾಗಿದ್ದರೆ ಸಾಕು, ಮಧ್ಯಮ ಮಟ್ಟದ ಗ್ರಾಫಿಕ್ಸ್ ಕಾರ್ಡಿನಲ್ಲಿ ಸಲೀಸಾಗಿ ಓಡುತ್ತವೆ. ದೊಡ್ಡ ಕಥೆಯ, ದೊಡ್ಡ ಲೋಕದ ಆಟಗಳು ಗ್ರಾಫಿಕ್ಸ್ ಕಾರ್ಡನ್ನೇ ಹಿಂಡುತ್ತವೆ. ಆಟದ ಪುಟದಲ್ಲಿ ‘ಕನಿಷ್ಠ’ ಎಂದಿರುವುದನ್ನು ಬಿಟ್ಟು ‘ಶಿಫಾರಸು’ ಎಂದಿರುವುದನ್ನು ನೋಡಿ.

ಪರದೆ 1080ಪಿ ಇರಲಿ. ಅದರಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿದ್ದರೆ 1440ಪಿ ಪರದೆಯಲ್ಲಿ 36.9 ಲಕ್ಷ. ಅಷ್ಟನ್ನೂ ಪ್ರತಿ ಫ್ರೇಮಿನಲ್ಲೂ ಬಿಡಿಸಬೇಕಾದ್ದು ಗ್ರಾಫಿಕ್ಸ್ ಕಾರ್ಡು. ಬಜೆಟ್ ಪಿಸಿಗೆ 1080ಪಿ ಸರಿಯಾದ ಹೊರೆ.

ಹಂತ 2: ಕ್ಯಾಬಿನೆಟ್ ಮತ್ತು ನಾಲ್ಕು ಅಂಕಿಗಳು

ಸಾಮಾನ್ಯವಾಗಿ ಕ್ಯಾಬಿನೆಟ್ಟನ್ನು ಕೊನೆಯಲ್ಲಿ ಕೊಳ್ಳುತ್ತಾರೆ. ಚಿಕ್ಕ ಪಿಸಿಗೆ ಅದೇ ಮೊದಲು ಗೊತ್ತಾಗಬೇಕು. ಮದರ್‌ಬೋರ್ಡುಗಳಲ್ಲಿ ಇಲ್ಲಿಗೆ ಹೊಂದುವ ಅಳತೆಗಳು ಎರಡು. ಮಿನಿ-ಐಟಿಎಕ್ಸ್ 170 × 170 ಮಿ.ಮೀ. ಇದ್ದರೆ, ಮೈಕ್ರೋ-ಎಟಿಎಕ್ಸ್ ಹೆಚ್ಚೆಂದರೆ 244 × 244 ಮಿ.ಮೀ.

ಮಿನಿ-ಐಟಿಎಕ್ಸ್ ನೋಡಲು ಮುದ್ದಾಗಿದೆ, ನಿಜ. ಆದರೆ ಆ ಬೋರ್ಡುಗಳ ಬೆಲೆ ಜಾಸ್ತಿ, ಆಯ್ಕೆ ಕಡಿಮೆ. ರ್ಯಾಮಿಗೆ ಎರಡೇ ಸ್ಲಾಟು, ಕಾರ್ಡಿಗೆ ಒಂದೇ ಸ್ಲಾಟು. ಜೊತೆಗೆ ಇಂಥ ಕ್ಯಾಬಿನೆಟ್ಟುಗಳಲ್ಲಿ ಹೆಚ್ಚಿನವು ಎಸ್‌ಎಫ್‌ಎಕ್ಸ್ ಅಳತೆಯ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಭಾಗ) ಕೇಳುತ್ತವೆ. ಅದೂ ಮಾಮೂಲಿ ಎಟಿಎಕ್ಸ್‌ಗಿಂತ ದುಬಾರಿ. ಹಾಗಾಗಿ ಪಿಸಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೂ ಕಾಲೇಜಿಗೂ ಓಡಾಡುವವರಷ್ಟೇ ಮಿನಿ-ಐಟಿಎಕ್ಸ್ ಆರಿಸಲಿ. ಮೇಜಿನ ಮೇಲೆ ಒಂದೇ ಕಡೆ ಇಡುವವರಿಗೆ ಮೈಕ್ರೋ-ಎಟಿಎಕ್ಸ್ ಬೋರ್ಡಿನ ಚಿಕ್ಕ ಕ್ಯಾಬಿನೆಟ್ಟೇ ಸೈ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಕ್ಯಾಬಿನೆಟ್ ಗೊತ್ತಾದ ಮೇಲೆ ಅದರ ವಿವರಗಳಿಂದ ನಾಲ್ಕು ಸಂಗತಿ ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಅಳತೆಯ ಬೋರ್ಡು ಹಿಡಿಸುತ್ತದೆ, ಗ್ರಾಫಿಕ್ಸ್ ಕಾರ್ಡು ಎಷ್ಟು ಉದ್ದ ಮತ್ತು ದಪ್ಪ ಇರಬಹುದು, ಕೂಲರ್ ಎಷ್ಟು ಎತ್ತರ ಇರಬಹುದು, ಯಾವ ಮಾದರಿಯ ಎಸ್‌ಎಂಪಿಎಸ್.

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಬಿನೆಟ್ ವಿವರದಲ್ಲಿ ಕಾರ್ಡಿನ ಉದ್ದ 300 ಮಿ.ಮೀ. ಎಂದಿದೆ ಅಂತ ಇಟ್ಟುಕೊಳ್ಳಿ. ಅದು ಮುಂಭಾಗದಲ್ಲಿ ಫ್ಯಾನ್ ಇಲ್ಲದಾಗಿನ ಲೆಕ್ಕವೋ ಇದ್ದಾಗಿನದೋ ನೋಡಬೇಕು. ಮಾಮೂಲಿ ಫ್ಯಾನಿನ ದಪ್ಪ 25 ಮಿ.ಮೀ.; ಅದನ್ನು ಹಾಕಿದರೆ ಉಳಿಯುವುದು 275. ಇನ್ನು ಕಾರ್ಡಿಗೆ ಕರೆಂಟು ಕೊಡುವ ಕೇಬಲ್ ಕಾರ್ಡಿನ ಅಂಚಿನಿಂದ ಹೊರಗೆ ಬಂದು ಬಾಗುತ್ತದೆ. ಅಂಚಿಗೂ ಕ್ಯಾಬಿನೆಟ್ ಬಾಗಿಲಿಗೂ ನಡುವೆ ಮೂರು ಸೆಂಟಿಮೀಟರಾದರೂ ಜಾಗ ಬೇಕು. ಕೇಬಲನ್ನು ಒತ್ತಿ ಬಾಗಿಲು ಮುಚ್ಚಿದರೆ ಕನೆಕ್ಟರ್ ಸಡಿಲಾಗಿ ಬಿಸಿಯಾಗುತ್ತದೆ.

ಹಂತ 3: ದುಡ್ಡಿನ ಪಾಲು

ಒಟ್ಟು ಮೊತ್ತದಲ್ಲಿ ಸುಮಾರು 40 ಪಾಲು ಗ್ರಾಫಿಕ್ಸ್ ಕಾರ್ಡಿಗೆ, 30 ಪಾಲು ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ, ಉಳಿದ 30 ಪಾಲು ರ್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ಟಿಗೆ ಎಂದು ಹಂಚಿಕೊಳ್ಳಿ. 2025ರ ಕೊನೆಯಿಂದ ರ್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿರುವುದರಿಂದ ಕೊನೆಯ ಪಾಲು ಸ್ವಲ್ಪ ಹಿಗ್ಗಬಹುದು. ಆ ಹೆಚ್ಚಳವನ್ನು ಕ್ಯಾಬಿನೆಟ್ಟಿನ ಗಾಜು, ಬಣ್ಣದ ಲೈಟುಗಳಿಂದ ಕಳೆಯಿರಿ, ಎಸ್‌ಎಂಪಿಎಸ್‌ನಿಂದ ಕಳೆಯಬೇಡಿ.

ಹಂತ 4: ಗ್ರಾಫಿಕ್ಸ್ ಕಾರ್ಡು

1080ಪಿ ಆಟಕ್ಕೆ 8 ಜಿಬಿ ಮೆಮೊರಿ ಇರುವ ಕಾರ್ಡು ಬೇಕು. ಎಎಂಡಿಯ ಆರ್‌ಎಕ್ಸ್ 6600, ಎನ್ವಿಡಿಯಾದ ಆರ್‌ಟಿಎಕ್ಸ್ 4060, ಅದರ ನಂತರ ಬಂದ 5060 ಇವೆಲ್ಲ ಆ ಸಾಲಿನವು. ಚಿಕ್ಕ ಪೆಟ್ಟಿಗೆಯವರು ಇವುಗಳ ವೇಗದ ಜೊತೆಗೆ ವ್ಯಾಟ್ ಕೂಡ ನೋಡಬೇಕು: 6600 ಎಳೆಯುವುದು 132 ವ್ಯಾಟ್, 4060 ಬರೀ 115, 5060 ಸುಮಾರು 145. ವ್ಯಾಟ್ ಕಡಿಮೆಯಾದಷ್ಟೂ ಒಳಗಿನ ಬಿಸಿ ಕಡಿಮೆ. ಮೂರು ಫ್ಯಾನಿನ ಉದ್ದನೆಯ ಮಾದರಿಯ ಆಸೆ ಬಿಟ್ಟು ಎರಡು ಫ್ಯಾನಿನ ಗಿಡ್ಡ ಮಾದರಿಯನ್ನೇ ಕೇಳಿ.

4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಗುತ್ತದೆ, ಆದರೆ ಬೇಡ. ಅದು ಬೋರ್ಡಿನೊಂದಿಗೆ ನಾಲ್ಕೇ ಪಿಸಿಐಇ ದಾರಿಗಳಲ್ಲಿ ಮಾತಾಡುತ್ತದೆ. ಬೋರ್ಡು ಹಳೆಯ 3.0 ಮಟ್ಟದ್ದಾದರೆ ಮೆಮೊರಿ ತುಂಬಿದಾಗ ಆಟ ತಡವರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮ ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಹೇಳಿ. ವಾರಂಟಿ ಉಳಿದಿದೆಯೇ ಎಂಬುದನ್ನು ಬಿಲ್ ನೋಡಿಯೇ ನಂಬಿ.

ಹಂತ 5: ಪ್ರೊಸೆಸರ್, ಮದರ್‌ಬೋರ್ಡು

ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಿ. ಇಂಟೆಲ್‌ನ ಐ3-12100ಎಫ್, ಐ5-12400ಎಫ್‌ಗಳಲ್ಲಿ ‘ಎಫ್’ ಇದೆ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡಿಲ್ಲದೆ ಪರದೆಯಲ್ಲಿ ಏನೂ ಮೂಡದು. ಎಎಂಡಿಯ ರೈಜನ್ 5 5600ಜಿಯಲ್ಲಿನ ‘ಜಿ’ ಎಂದರೆ ಗ್ರಾಫಿಕ್ಸ್ ಒಳಗೇ ಇದೆ. ‘ಜಿ’ ಇಲ್ಲದ 5600ಕ್ಕೂ 5600ಜಿಗೂ ಕೋರುಗಳು ಆರೇ. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಜಿ ಮಾದರಿಯಲ್ಲಿ 16 ಎಂಬಿ ಮಾತ್ರ. ಗ್ರಾಫಿಕ್ಸ್ ಕಾರ್ಡು ಹಾಕುವವರಿಗೆ 5600 ಅಥವಾ 12400ಎಫ್ ಮೇಲು.

ಬೋರ್ಡಿನ ಸಾಕೆಟ್ ಪ್ರೊಸೆಸರಿಗೆ ಹೊಂದಬೇಕು. ರೈಜನ್ 5000 ಸಾಲಿನವು ಎಎಂ4ಕ್ಕೆ, ಇಂಟೆಲ್ 12ನೇ ತಲೆಮಾರಿನವು ಎಲ್‌ಜಿಎ 1700ಕ್ಕೆ. ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ್ಯಾಮ್ ಮಾತ್ರ ಸೇರುತ್ತದೆ. ಇಂದು ಖರ್ಚು ಹೆಚ್ಚು, ಆದರೆ ಮುಂದೆ ಪ್ರೊಸೆಸರ್ ಬದಲಿಸಲು ದಾರಿ ಇರುತ್ತದೆ. ಎಎಂ4ನಲ್ಲಿ ಬಿ550 ಬೋರ್ಡು ಆರಿಸಿ. ಹಳೆಯ ಸ್ಟಾಕಿನ ಬೋರ್ಡಾದರೆ ಬಯಾಸ್ ಅಪ್‌ಡೇಟ್ ಮಾಡಿಕೊಡಲು ಅಂಗಡಿಯಲ್ಲೇ ಕೇಳಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಪಿಸಿ ಆನ್ ಆಗದೆ ಎಲ್ಲ ಭಾಗಗಳ ಮೇಲೂ ಅನುಮಾನ ಶುರುವಾಗುತ್ತದೆ.

ಹಂತ 6: ರ್ಯಾಮ್, ಎಸ್‌ಎಸ್‌ಡಿ

ಒಟ್ಟು 16 ಜಿಬಿ ಬೇಕು, ಅದನ್ನು ಎರಡು 8 ಜಿಬಿ ಸ್ಟಿಕ್ಕುಗಳಾಗಿ ಕೊಳ್ಳಿ. ಜೋಡಿ ಹಾಕಿದಾಗ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಡಿಡಿಆರ್4 ಆದರೆ 3200ರ ವೇಗ ಸಾಕು. ಎಸ್‌ಎಸ್‌ಡಿಗೆ ಎಂ.2 ಎನ್‌ವಿಎಂಇ ಮಾದರಿ ಆರಿಸಿ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿ ಬೋರ್ಡಿನ ಮೇಲೆಯೇ ಕೂರುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ಎರಡು ಕೇಬಲ್‌ಗಳ ಜಾಗ ಉಳಿಯುತ್ತದೆ. ಒಂದೊಂದು ಆಟವೇ 100 ಜಿಬಿ ನುಂಗುವ ಕಾಲ ಇದು. ಆದ್ದರಿಂದ 1 ಟಿಬಿ ತೆಗೆದುಕೊಳ್ಳಿ.

ಹಂತ 7: ಎಸ್‌ಎಂಪಿಎಸ್

ರೈಜನ್ 5600 ಮತ್ತು ಆರ್‌ಎಕ್ಸ್ 6600 ಜೋಡಿಯ ಲೆಕ್ಕ ಹಾಕೋಣ. ಪ್ರೊಸೆಸರಿಗೆ ಸುಮಾರು 80 ವ್ಯಾಟ್, ಕಾರ್ಡಿಗೆ 132, ಉಳಿದದ್ದಕ್ಕೆಲ್ಲ 50. ಒಟ್ಟು 260ರ ಆಸುಪಾಸು. 500ರಿಂದ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಧಾರಾಳವಾಯಿತು. ಕ್ಯಾಬಿನೆಟ್ ಜೊತೆ ‘ಫ್ರೀ’ ಕೊಡುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೇ ಬೇಡ. ಅದು ಸುಡುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. 80 ಪ್ಲಸ್ ಎಂಬ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಬಾಳಿಕೆಯನ್ನಲ್ಲ. ವಾರಂಟಿ ಎಷ್ಟು ವರ್ಷ ಎಂದು ಕೇಳಿ, ಐದು ವರ್ಷ ಇರುವುದನ್ನು ಆರಿಸಿ.

ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್ ಬೇಕು. 600 ವಿಎ ಎಂದು ಬರೆದಿರುವವು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಾಳುತ್ತವೆ. ಮಾನಿಟರನ್ನೂ ಸೇರಿಸಿ ಲೆಕ್ಕ ಹಾಕಿ. ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹಂತ 8: ಗಾಳಿಯ ದಾರಿ

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಪೆಟ್ಟಿಗೆಯ ಒಳಗೆ ಹೋಗುವ ಗಾಳಿಯೇ ಬಿಸಿ. ಆದ್ದರಿಂದ ಮುಂಭಾಗದಲ್ಲಿ ಗಾಜಿಗಿಂತ ಜಾಲರಿ ಇರುವ ಕ್ಯಾಬಿನೆಟ್ ಒಳ್ಳೆಯದು. ಒಂದು ಫ್ಯಾನ್ ಗಾಳಿಯನ್ನು ಒಳಗೆಳೆಯಲಿ, ಇನ್ನೊಂದು ಹೊರಗೆ ತಳ್ಳಲಿ. 5600ರ ಜೊತೆ ಬರುವ ಕೂಲರೇ ಸಾಕಾಗುತ್ತದೆ. ಬೇರೆ ಹಾಕುವುದಾದರೆ ಚೀಟಿಯಲ್ಲಿ ಬರೆದ ಎತ್ತರ ಮೀರಬಾರದು. ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಪಿಸಿಯನ್ನು ಗೋಡೆಗೆ ಒತ್ತಿ ಇಡಬೇಡಿ, ಕಪಾಟಿನೊಳಗೆ ತಳ್ಳಬೇಡಿ.

ಹಂತ 9: ಕೊಳ್ಳುವಾಗ

ಮೂರು ಅಂಗಡಿಗಳಲ್ಲಿ ಬರವಣಿಗೆಯಲ್ಲಿ ದರಪಟ್ಟಿ ತೆಗೆದುಕೊಳ್ಳಿ. ಹೇಳಿದ ದರದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯೇ ಕೇಳಿ. ಬಿಲ್ ಬಿಟ್ಟರೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಎರಡು ವರ್ಷದ ನಂತರ ಕಾರ್ಡು ಕೆಟ್ಟಾಗ ಕೈಹಿಡಿಯುವುದು ಆ ಬಿಲ್ಲೇ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಡಬ್ಬಗಳನ್ನು ಎಸೆಯದೆ ಇಟ್ಟುಕೊಳ್ಳಿ.

ಹಂತ 10: ಮೊದಲ ಸಲ ಆನ್ ಮಾಡಿದಾಗ

ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲವಾದರೆ 3200ರ ರ್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. 144 ಹರ್ಟ್ಸ್ ಮಾನಿಟರ್ ತಂದಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಇರುವುದನ್ನು 144ಕ್ಕೆ ಬದಲಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ 11ನ್ನೇ ಹಾಕಿ.

ಈಗಲೇ ಕೈಯಲ್ಲಿ ಅಷ್ಟು ದುಡ್ಡಿಲ್ಲ ಎನ್ನುವವರೂ ಕಾಯಬೇಕಿಲ್ಲ. 5600ಜಿ, ಜೋಡಿ ರ್ಯಾಮ್, ಒಳ್ಳೆಯ ಎಸ್‌ಎಂಪಿಎಸ್, ಅಳತೆ ನೋಡಿ ಆರಿಸಿದ ಕ್ಯಾಬಿನೆಟ್ ಇಷ್ಟರಿಂದ ಶುರುಮಾಡಿ. ವ್ಯಾಲೊರಂಟ್ ಇಂದೇ ಆಡಬಹುದು, ಓದಿನ ಕೆಲಸವೂ ಆಗುತ್ತದೆ. ದುಡ್ಡು ಕೂಡಿದಾಗ ಗ್ರಾಫಿಕ್ಸ್ ಕಾರ್ಡು ತಂದು ಹಾಕಿ. ಕಾರ್ಡನ್ನು ನಾಳೆಗೆ ಮುಂದೂಡಿದರೆ ನಷ್ಟವಿಲ್ಲ. ಎಸ್‌ಎಂಪಿಎಸ್ ಮತ್ತು ಅಳತೆಯ ವಿಷಯದಲ್ಲಿ ಮಾತ್ರ ಇವತ್ತೇ ರಾಜಿ ಇಲ್ಲದೆ ಕೊಳ್ಳಿ.