ಮೀನಿನ ಮನೆಗೆ ಎಂಥ ದೀಪ?



ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಕ್ವೇರಿಯಂ ಇದೆ. ಇನ್ನು ಕೆಲವರು "ಅಮ್ಮಾ, ನಮಗೂ ಮೀನು ಬೇಕು" ಎಂದು ಪೀಡಿಸುತ್ತಿರಬಹುದು. ತೊಟ್ಟಿ, ಮೀನು, ಆಹಾರ ಎಲ್ಲವನ್ನೂ ವಿಚಾರಿಸಿ ಕೊಳ್ಳುವ ನಾವು ದೀಪವನ್ನು ಮಾತ್ರ ಅಂದ ನೋಡಿ ಕೊಳ್ಳುತ್ತೇವೆ. ಆದರೆ ತೊಟ್ಟಿಯೊಳಗಿನ ಜೀವಗಳಿಗೆ ಹಗಲು ರಾತ್ರಿಗಳನ್ನು ತರುವುದು ಆ ದೀಪವೇ. ಅದನ್ನು ಆರಿಸುವುದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ಎಷ್ಟು ಹೊತ್ತು?

ನಾವು ಸಾಕುವ ಮೀನುಗಳಿಗೆ ಕಣ್ಣಿನ ರೆಪ್ಪೆ ಇಲ್ಲ. ಬೆಳಕು ಬೇಡವೆಂದರೂ ಅವು ಕಣ್ಣು ಮುಚ್ಚಲಾರವು. ರಾತ್ರಿಯಿಡೀ ದೀಪ ಉರಿದರೆ ಅವುಗಳ ವಿಶ್ರಾಂತಿ ಕೆಡುತ್ತದೆ.

ಕಿಟಕಿಯ ಬಿಸಿಲೇ ಸಾಕಲ್ಲವೇ ಎಂದು ಕೇಳಬಹುದು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆಗಿಂತ ಸ್ವಲ್ಪ ಹೆಚ್ಚು. ವಾಷಿಂಗ್ಟನ್‌ನಲ್ಲಿ ಜೂನ್ ಕೊನೆಗೆ ಸುಮಾರು 15 ಗಂಟೆ ಹಗಲಿದ್ದರೆ, ಡಿಸೆಂಬರ್ ಕೊನೆಗೆ ಸುಮಾರು ಒಂಬತ್ತೂವರೆ ಗಂಟೆ ಮಾತ್ರ. ಅಟ್ಲಾಂಟಾ, ಕ್ಯಾರೊಲಿನಾಗಳಲ್ಲೂ ವ್ಯತ್ಯಾಸ ದೊಡ್ಡದೇ. ಗಪ್ಪಿ, ಟೆಟ್ರಾಗಳು ಉಷ್ಣವಲಯದ ಮೀನುಗಳು. ಇಷ್ಟು ಏರುಪೇರು ಅವುಗಳ ಊರಲ್ಲಿಲ್ಲ. ಅಲ್ಲದೆ ನೇರ ಬಿಸಿಲಿನಿಂದ ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ. ಆದ್ದರಿಂದ ತೊಟ್ಟಿಯನ್ನು ಕಿಟಕಿಯಿಂದ ದೂರವಿಡಿ. ದೀಪಕ್ಕೆ ಟೈಮರ್ ಹಾಕಿ ದಿನಕ್ಕೆ ಸುಮಾರು 8 ಗಂಟೆ ಬೆಳಗಿಸಿ. ನೀವು ರಜೆಗೆ ಭಾರತಕ್ಕೆ ಹೋದಾಗಲೂ ಟೈಮರ್ ತನ್ನ ಕೆಲಸ ಮರೆಯುವುದಿಲ್ಲ.

ಎಷ್ಟು ಪ್ರಕಾಶ?

ಪ್ಲಾಸ್ಟಿಕ್ ಗಿಡಗಳಿದ್ದರೆ ಮಂದ ಬೆಳಕೇ ಸಾಕು. ಜೀವಂತ ಗಿಡಗಳಿದ್ದರೆ ಅವು ಬೆಳಕಿನಿಂದಲೇ ಆಹಾರ ತಯಾರಿಸಿಕೊಳ್ಳಬೇಕು. ಜಾವಾ ಫರ್ನ್, ಅನುಬಿಯಾಸ್‌ಗಳಂಥ ಸುಲಭದ ಗಿಡಗಳಿಗೆ ಲೀಟರಿಗೆ 10ರಿಂದ 20 ಲ್ಯೂಮೆನ್ ಎಂಬುದು ಹವ್ಯಾಸಿಗಳ ಅಂದಾಜು. 20 ಗ್ಯಾಲನ್ ತೊಟ್ಟಿಯಲ್ಲಿ ಸುಮಾರು 75 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ 750ರಿಂದ 1500 ಲ್ಯೂಮೆನ್ ಬೇಕಾಯಿತು. ಈ ಸಂಖ್ಯೆ ದೀಪದ ಪೆಟ್ಟಿಗೆಯ ಮೇಲೆ ಇರುತ್ತದೆ. ವ್ಯಾಟ್ ನೋಡಿ ಕೊಳ್ಳಬೇಡಿ. ವ್ಯಾಟ್ ತಿಳಿಸುವುದು ವಿದ್ಯುತ್ ಖರ್ಚನ್ನು, ಬೆಳಕಿನ ಪ್ರಮಾಣವನ್ನಲ್ಲ.

ಹೆಚ್ಚು ಬೆಳಕು ಹೆಚ್ಚು ಒಳ್ಳೆಯದೇನಲ್ಲ. ಗಿಡಗಳು ಬಳಸದೆ ಉಳಿದ ಬೆಳಕು ಪಾಚಿಗೆ ಹಬ್ಬದೂಟ. ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿಯೂ ಇರುವ, ಮೈಮೇಲೆ ಕೆಂಪು ಗೆರೆಯ "ಮಿಸ್ ಕೇರಳ" ಮೀನು ಇಲ್ಲಿನ ಅಂಗಡಿಗಳಲ್ಲಿ "ರೋಸ್‌ಲೈನ್ ಶಾರ್ಕ್" ಎಂಬ ಹೆಸರಿನಲ್ಲಿ ಸಿಗುತ್ತದೆ. ಅದು ಪಶ್ಚಿಮ ಘಟ್ಟದ, ದಡದಲ್ಲಿ ದಟ್ಟವಾಗಿ ಗಿಡಮರಗಳಿರುವ ಹೊಳೆಗಳ ಮೀನು. ಅಂಥ ಮೀನುಗಳಿಗಾಗಿ ತೊಟ್ಟಿಯ ಒಂದು ಭಾಗದಲ್ಲಾದರೂ ಗಿಡದ ನೆರಳಿರಲಿ.

ಯಾವ ಬಣ್ಣ?

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಸುಮಾರು 6500 ಕೆಲ್ವಿನ್ ಎಂದರೆ ಹಗಲಿನಂಥ ಬಿಳಿ ಬೆಳಕು. ಸಿಹಿನೀರಿನ ಗಿಡಗಳಿಗೆ ಇದು ಹೊಂದುತ್ತದೆ. ಸಮುದ್ರದ ಹವಳಗಳಿಗೆ ನೀಲಿ ಹೆಚ್ಚಾಗಿರುವ ದೀಪ ಬೇಕು. ನೀರು ಕೆಂಪು ಬೆಳಕನ್ನು ಬೇಗ ಹೀರುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಸಮುದ್ರದ ಕೆಳಗೆ ಬದುಕುವ ಹವಳಕ್ಕೆ ನೀಲಿಯೇ ರೂಢಿ.

ಪೋಷಕರಿಗೆ ಒಂದು ಮಾತು

ಹಳೆಯ ಟ್ಯೂಬ್‌ಲೈಟ್‌ಗಿಂತ ಎಲ್‌ಇಡಿ ಕಡಿಮೆ ವಿದ್ಯುತ್ ಬಳಸುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಟ್ಯೂಬ್‌ನಲ್ಲಿ ಪಾದರಸವಿರುವುದರಿಂದ ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ದೀಪದ ವೈರು ಸಾಕೆಟ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲಕ್ಕೆ ಬರುವಂತಿರಲಿ. ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯುವುದನ್ನು ಮಕ್ಕಳಿಗೆ ಕಲಿಸಿ.

ಪದ ಪರಿಚಯ
ಪಾಚಿ: ನೀರಿನಲ್ಲಿ, ಒದ್ದೆ ಕಲ್ಲಿನ ಮೇಲೆ ಬೆಳೆಯುವ ಹಸಿರು
ಹವ್ಯಾಸಿ: ಸಂತೋಷಕ್ಕಾಗಿ ಒಂದು ಕೆಲಸದಲ್ಲಿ ತೊಡಗುವವರು
ಉಷ್ಣವಲಯ: ಭೂಮಧ್ಯ ರೇಖೆಯ ಆಚೀಚೆಯ ಬೆಚ್ಚಗಿನ ಪ್ರದೇಶ

ಉತ್ತರಿಸಿ
1. ಮೀನಿನ ತೊಟ್ಟಿಗೆ ರಾತ್ರಿ ಕತ್ತಲೆ ಏಕೆ ಬೇಕು?
2. 10 ಗ್ಯಾಲನ್ ತೊಟ್ಟಿಯಲ್ಲಿ ಸುಮಾರು 38 ಲೀಟರ್ ನೀರಿದೆ. ಸುಲಭದ ಗಿಡಗಳಿಗೆ ಎಷ್ಟು ಲ್ಯೂಮೆನ್ ಬೇಕು?
3. ತೊಟ್ಟಿಯಲ್ಲಿ ಪಾಚಿ ಹೆಚ್ಚಾದರೆ ಮೊದಲು ಏನು ಮಾಡುತ್ತೀರಿ? ಮನೆಯವರೊಂದಿಗೆ ಚರ್ಚಿಸಿ, ಐದು ವಾಕ್ಯಗಳಲ್ಲಿ ಕನ್ನಡದಲ್ಲೇ ಬರೆಯಿರಿ.